ರಂಗೋಲಿಯ ಮೂಲೆಯ ದೃಷ್ಟಿಬೊಟ್ಟು

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ ಕಾಳು ದೊಡ್ಡ ಬೋಗುಣಿಯ ತುಂಬ ಇತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ತಟ್ಟೆಗೆ ಹಾರುತ್ತದೆ. ಆ ಕೆಲಸಕ್ಕೆ ತಲೆ ಬೇಡ, ಬಾಯಲ್ಲಿ ಪಂಚಾಕ್ಷರಿ ಹೇಳಿಕೊಂಡು ಮಾಡಬಹುದು. ಅಷ್ಟರಲ್ಲಿ ಫೋನ್ ಬಂತು. ಗುಬ್ಬಿಯಿಂದ, ನನ್ನ ನಾದಿನಿ ಗಿರಿಜಾಳ ಮಗಳು ಸುಮಾ.

"ಅತ್ತೆ, ಅಮ್ಮ ಹೋಗ್ಬುಟ್ರು."

"ಎಲ್ಲಿಗೇ?" ಅಂದೆ. ನಿಜವಾಗಿ ಹಾಗೆಯೇ ಕೇಳಿದೆ. ಆ ಹುಡುಗಿ ಉತ್ತರ ಹೇಳದೆ ಅಳತೊಡಗಿದ ಮೇಲೆ ನನಗೆ ತಿಳಿಯಿತು.

ತುಮಕೂರಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನಾನು ದುಡಿದ ವರ್ಷಗಳ ಬಗ್ಗೆ ಬರೆದುಕೊಡಿ ಎಂದು ಈಗ ಆ ಕೆಲಸಕ್ಕೆ ಬಂದಿರುವ ಹೆಣ್ಣುಮಕ್ಕಳು ಕೇಳುತ್ತಲೇ ಇದ್ದಾರೆ. ಬರೆಯಲು ಕೂತರೆ ಮೊದಲು ಕಣ್ಣಿಗೆ ಕಟ್ಟುವುದು ಆ ಬೋಗುಣಿ ಮತ್ತು ಆ ಫೋನು. ನಾನು ಅಲ್ಲಿ ಕಲಿತದ್ದು ಎರಡೇ ವಿದ್ಯೆ. ಒಂದು ಕಡೆ ಇರುವುದನ್ನು ಇನ್ನೊಂದು ಕಡೆಗೆ ಕೆಡದ ಹಾಗೆ ಕಾಪಿ ಮಾಡುವುದು, ನಮ್ಮದನ್ನು ಯಾರು ಎಲ್ಲಿ ಕಾಪಿ ಮಾಡಿಕೊಂಡಿದ್ದಾರೆ ಎಂದು ಹುಡುಕುವುದು. ಎರಡೂ ಕೊನೆಗೆ ಬಂದು ನಿಂತದ್ದು ಗಿರಿಜಾಳ ರಂಗೋಲಿಯ ಮುಂದೆ.

ನಾನು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮದುವೆಗೆ ಮುಂಚೆ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಯಜಮಾನರು ಒಪ್ಪಿದರು. ಅತ್ತೆ ಒಪ್ಪಲಿಲ್ಲ. ಲಿಂಗಪೂಜೆ, ಅಡುಗೆ ಎರಡೂ ಮುಗಿಸಿ ಹೋಗುವುದಾದರೆ ಸರಿ ಎಂದು ಆಮೇಲೆ ತಲೆಯಾಡಿಸಿದರು. ಅಂಗಡಿಯ ಓನರ್ ಮಹದೇವಪ್ಪನವರು ಒಳ್ಳೆಯ ಮನುಷ್ಯ. ಹೊಸದೇನು ಬಂದರೂ ಮೊದಲು ತಂದು ಕೂರಿಸಬೇಕು, ಅದನ್ನು ಹೇಗೆ ನಡೆಸುವುದೆಂದು ಆಮೇಲೆ ಕೇಳಬೇಕು. ಅದು ಅವರ ಸ್ವಭಾವ.

ಆಗ ಫ್ಲಾಪಿಯ ಕಾಲ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವರದಿ ಎಲ್ಲವನ್ನೂ ಫ್ಲಾಪಿಗೆ ಹಾಕಿ ಪ್ರೆಸ್ಸಿಗೆ ಕಳಿಸುತ್ತಿದ್ದೆವು. ಎಷ್ಟೋ ಸಲ ಅಲ್ಲಿ ಹೋಗಿ ಹಾಕಿದರೆ ತೆರೆಯುತ್ತಿರಲಿಲ್ಲ. ದೊಡ್ಡ ಫೈಲು ಒಂದೇ ಫ್ಲಾಪಿಗೆ ಹಿಡಿಸದಿದ್ದರೆ ಅದನ್ನು ತುಂಡು ಮಾಡಿ, ಆ ಕಡೆ ಹೋದ ಮೇಲೆ ಮತ್ತೆ ಕೂಡಿಸುವ ಒಂದು ಸಣ್ಣ ಸಾಫ್ಟ್‌ವೇರ್ ಇತ್ತು. ಒಂದು ತುಂಡು ಕೆಟ್ಟರೂ ಇಡೀ ಫೈಲು ಹೋದಂತೆ. ಅಲ್ಲಿಂದ ನಾನು ಕಲಿತದ್ದನ್ನು ಈಗಿನವರಿಗೂ ಹೇಳುತ್ತೇನೆ: ಕಾಪಿ ಆಯಿತು ಎಂದು ಪರದೆ ಹೇಳಿದರೆ ನಂಬಬೇಡಿ. ಕಾಪಿಯಾದ ಕಡೆಯಿಂದಲೇ ಒಮ್ಮೆ ತೆರೆದು, ಕಣ್ಣಾರೆ ನೋಡಿ, ಆಮೇಲೆ ಎದ್ದೇಳಿ.

ಇನ್ನೊಂದನ್ನು ಕಲಿತದ್ದು ಒಬ್ಬ ಅಜ್ಜನಿಂದ. ಲಗ್ನಪತ್ರಿಕೆಯನ್ನು ಯಾರೂ ಹೊಸದಾಗಿ ಮಾಡುವುದಿಲ್ಲ. ಹಳೆಯ ಮದುವೆಯ ಫೈಲನ್ನು ಕಾಪಿ ಮಾಡಿಕೊಂಡು ಹೆಸರುಗಳನ್ನು ಬದಲಿಸುವುದೇ ಪದ್ಧತಿ. ಅಮೃತೂರಿನ ಕಡೆಯ ಒಂದು ಮನೆಯ ಪತ್ರಿಕೆ ಅಚ್ಚಾಗಿ ಹೋದ ಮೇಲೆ, ಒಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿದ ಎತ್ತರದ ಅಜ್ಜ ಬಂದು ನನ್ನ ಮೇಜಿನ ಮುಂದೆ ನಿಂತರು.

"ನೀನೇಯೇನಮ್ಮ ಟೈಪ್ ಮಾಡೋಳು?"

"ಹೌದು ಯಜಮಾನ್ರೇ, ಏನಾಗಬೇಕಿತ್ತು?"

"ಏನೂ ಆಗ್ಬೇಕಿಲ್ಲ. ನಾನು ಬದುಕಿದೀನಿ, ನೋಡ್ಕೋ ಅಂತ ಬಂದೆ."

ಹಿಂದಿನ ಮದುವೆಯ ವರನ ತಾತ ತೀರಿಕೊಂಡಿದ್ದರು. ಅವರ ಹೆಸರಿನ ಮುಂದಿದ್ದ 'ಲಿಂಗೈಕ್ಯ' ಎಂಬ ಪದ ಹಾಗೇ ಉಳಿದು ಈ ಅಜ್ಜನ ಹೆಸರಿಗೆ ಅಂಟಿಕೊಂಡಿತ್ತು. ಮಹದೇವಪ್ಪನವರು ಕೈಮುಗಿದು ಎದ್ದು ನಿಂತರು. ಅಜ್ಜ ಮಾತ್ರ ನಗುತ್ತಿದ್ದರು. "ಊರಿಗೆಲ್ಲಾ ಹಂಚ್ಬುಟ್ಟವ್ರೆ. ನೆಂಟ್ರು ಹೂವಿನ ಹಾರ ತಂದವ್ರೆ ಕಣಯ್ಯ. ಮದ್ವೆಗೋ ನಂಗೋ ಅಂತ ಕೇಳಿದ್ರೆ ಬಾಯೇ ಬುಡಲ್ಲ!" ಒಂದು ಲೋಟ ಕಾಫಿ ಕುಡಿದು ಎದ್ದು ಹೋದರು. ಬೇರೆಯವರಾಗಿದ್ದರೆ ಅಂಗಡಿಗೆ ಬೀಗ ಹಾಕಿಸುತ್ತಿದ್ದರು. ಶಿವ ನಗುವವರನ್ನೇ ಕಳಿಸಿದ್ದ.

ಸಿ.ಡಿ. ಬಂದ ಮೇಲೆ ಫ್ಲಾಪಿ ಹೋಯಿತು. ಹಾಗೆಯೇ ಕಂಪ್ಯೂಟರ್ ಪತ್ರಿಕೆಗಳ ಜೊತೆ ಸಿ.ಡಿ. ಉಚಿತವಾಗಿ ಬರುತ್ತಿತ್ತು, ಅದರ ತುಂಬ ಚಿಕ್ಕ ಚಿಕ್ಕ ಸಾಫ್ಟ್‌ವೇರುಗಳು. ಮಹದೇವಪ್ಪನವರಿಗೆ ಅದೇ ಹಬ್ಬ. ಕರೆಂಟ್ ಹೋಗಿ ನಡುವೆ ನಿಂತ ಕಾಪಿಯನ್ನು ನಿಂತಲ್ಲಿಂದಲೇ ಮುಂದುವರಿಸುವುದು ಒಂದು, ಈಗಾಗಲೇ ಇರುವುದನ್ನು ಬಿಟ್ಟು ಹೊಸದನ್ನಷ್ಟೇ ಕಾಪಿ ಮಾಡುವುದು ಇನ್ನೊಂದು. ಮೂರನೆಯದೊಂದಿತ್ತು. ದಿನಾ ಸಂಜೆ ತಾನಾಗಿ ಎದ್ದು, ಎರಡನೆಯ ಡಿಸ್ಕನ್ನು ಮೊದಲನೆಯ ಡಿಸ್ಕಿನ ಪಡಿಯಚ್ಚು ಮಾಡಿ ಮಲಗುತ್ತಿತ್ತು. "ಇನ್ಮೇಲೆ ನೀವು ನಿಶ್ಚಿಂತೆಯಿಂದ ಮನೆಗೋಗಿ ಸೊಪ್ಪು ಸೋಸ್ಕೊಳ್ಳಿ ವಿಮಲಮ್ಮ" ಎಂದು ಓನರ್ ನನಗೆ ಹೇಳಿದ್ದರು. ನಾನೂ ಹಾಗೆಯೇ ಹೋಗುತ್ತಿದ್ದೆ.

ಎರಡು ಸಾವಿರದ ನಂತರ ಅವರಿಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸೈಟು: ಅಡುಗೆ, ವ್ರತ, ರಂಗೋಲಿ. ಅಡುಗೆ, ವ್ರತಗಳನ್ನು ನಾನು ಬರೆದೆ. ರಂಗೋಲಿಗೆ ಗಿರಿಜಾ ಇದ್ದಳು.

ಅವಳ ಬಗ್ಗೆ ಹೇಗೆ ಹೇಳುವುದು. ಓದಿದ್ದು ಕಡಿಮೆ. ಮನೆಯವರಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಬಗ್ಗಿದಳೆಂದರೆ ರೈಲ್ವೆ ಸ್ಟೇಷನ್ನಿಗೆ ಹೋಗುವವರು ರೈಲು ತಪ್ಪಿದರೂ ಸರಿ ಎಂದು ನಿಂತು ನೋಡುವರು. ಚುಕ್ಕಿ ಇಡುವಾಗ ಅಳತೆ ನೋಡುತ್ತಿರಲಿಲ್ಲ. ಎಳೆ ಎಳೆಯುವಾಗ ಕೈ ನಿಲ್ಲುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹೊರಗೆ, ಬಲಗಡೆಯ ಕೆಳಮೂಲೆಯಲ್ಲಿ, ಯಾವ ಎಳೆಗೂ ಸೇರದ ಒಂದು ಬೊಟ್ಟು ಇಡುತ್ತಿದ್ದಳು.

"ಅದ್ಯಾಕೆ ಒಂಟಿ ಚುಕ್ಕಿ?" ಎಂದು ಮೊದಲ ಸಲ ಕೇಳಿದಾಗ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ದೃಷ್ಟಿ ಆಗಲ್ವಾ ಅತ್ತಿಗೆ? ಮಗೀಗೆ ಕೆನ್ನೆ ಮೇಲೆ ಇಡ್ತೀವಿ, ಇದ್ಕೆ ಯಾಕಿಡಬಾರ್ದು?"

ಸ್ಕ್ಯಾನ್ ಮಾಡಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕೊಡುತ್ತಿದ್ದಳು. ಕಾಗದದ ಮೇಲೂ ಬೊಟ್ಟು ತಪ್ಪುತ್ತಿರಲಿಲ್ಲ. ನಾನು ಗುಬ್ಬಿಗೆ ಹೋದಾಗ ತರುತ್ತಿದ್ದೆ, ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತಿದ್ದೆ. ಒಂದು ದಿನ ನೋಡುತ್ತೇನೆ, ಆ ಹಾಳೆಗಳನ್ನು ಮಡಚಿ ನೀರೊಲೆಗೆ ಹಾಕುತ್ತಿದ್ದಾಳೆ.

"ಏನೇ ಗಿರಿಜಾ, ಉರಿಗೆ ಹಾಕ್ತಿದೀಯಲ್ಲೇ!"

"ರಂಗೋಲಿ ಅತ್ತಿಗೆ ಇದು. ನಾಳೆ ಗುಡ್ಸೋದು ತಾನೇ? ನಿಮ್ಮ ಕಂಪ್ಯೂಟರ್‌ನಾಗೆ ಐತಲ್ಲ, ಬುಡಿ."

ಹೌದು, ಇತ್ತು. ಎರಡು ಡಿಸ್ಕಿನಲ್ಲಿ ಇತ್ತು. ಒಂದು ಸಿ.ಡಿ.ಯಲ್ಲೂ ಇತ್ತು. ನಾನೂ ಸುಮ್ಮನಾದೆ.

ಸೈಟಿಗೆ ಜನ ಬರತೊಡಗಿದ ಮೇಲೆ ಕಾಪಿ ಹೊಡೆಯುವವರೂ ಬಂದರು. ಮಹದೇವಪ್ಪನವರು ಅದಕ್ಕೂ ಒಂದು ಉಪಾಯ ತಂದರು. ನಮ್ಮ ಪುಟದ ವಿಳಾಸ ಕೊಟ್ಟರೆ ಅದೇ ಬರಹ ಇನ್ನೆಲ್ಲಿ ಇದೆ ಎಂದು ಹುಡುಕಿ ಹೇಳುವ ಒಂದು ಸೇವೆ ಇತ್ತು. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಹಾಕಿದ್ದ ಅಡುಗೆಗಳನ್ನು ಚೆನ್ನಾಗಿ ಹಿಡಿಯುತ್ತಿತ್ತು. ನನ್ನ ಹಿತಕವರೆ ಸಾರು ಪರದೇಶದ ಯಾರದೋ ಪುಟದಲ್ಲಿ, ಉಪ್ಪು ಹಾಕಿ ಎಂದು ಬರೆಯಲು ನಾನು ಮರೆತಿದ್ದ ಹಾಗೆಯೇ, ಉಪ್ಪಿಲ್ಲದೆ ಸಿಕ್ಕಿತು. ಆದರೆ ರಂಗೋಲಿ ಚಿತ್ರ. ಅದರಲ್ಲಿ ಅಕ್ಷರವಿಲ್ಲ. ಅದರ ಮುಂದೆ ಆ ಯಂತ್ರ ಕುರುಡು.

ನನಗೆ ಕುರುಡಿರಲಿಲ್ಲ. ಬಿಡುವಾದಾಗಲೆಲ್ಲ ರಂಗೋಲಿ ಸೈಟುಗಳನ್ನು ತೆರೆದು ಕೆಳಮೂಲೆ ನೋಡುತ್ತಿದ್ದೆ. ಬೊಟ್ಟು ಕಂಡರೆ ಗಿರಿಜಾಳದು. ಕಾಪಿ ಮಾಡಿದವರಿಗೆ ಅದೇನೆಂದು ತಿಳಿಯದು. ಇದ್ದ ಹಾಗೆ ಎತ್ತಿಕೊಂಡು ಬಿಟ್ಟಿರುತ್ತಿದ್ದರು. ಸಿಕ್ಕವರಿಗೆಲ್ಲ ಮೇಲ್ ಬರೆದೆ. ಕೆಲವರು ತೆಗೆದರು, ಹಲವರು ತೆಗೆಯಲಿಲ್ಲ.

ಎಲ್ಲರಿಗಿಂತ ಹೆಚ್ಚು ಎತ್ತಿಕೊಂಡದ್ದು ದೂರದವರಲ್ಲ. ಪುಟದ ಕೆಳಗೆ ಕುಣಿಗಲ್ ಎಂದಿತ್ತು. ಲಲಿತಾ ಎಂಬ ಹೆಂಗಸು, ಹೊಲಿಗೆ ಮತ್ತು ರಂಗೋಲಿ ಕ್ಲಾಸು ನಡೆಸುತ್ತಿದ್ದಳು. ನಮ್ಮಲ್ಲಿದ್ದ ಹೆಚ್ಚುಕಮ್ಮಿ ಎಲ್ಲ ರಂಗೋಲಿಗಳೂ ಅವಳ ಪುಟದಲ್ಲಿದ್ದವು. ಕೆಲವುಗಳ ಮೂಲೆಯಲ್ಲಿ, ಬೊಟ್ಟಿನ ಮೇಲೆಯೇ, ತನ್ನ ಹೆಸರು ಒತ್ತಿದ್ದಳು. ನಾನು ಬಸ್ಸು ಹತ್ತಿ ಹೋದೆ.

ನನ್ನನ್ನು ಕೂರಿಸಿ ನೀರು ಕೊಟ್ಟಳು. ಅವಳು ಹೆಸರು ಒತ್ತದೆ ಬಿಟ್ಟಿದ್ದ ಒಂದರ ಪ್ರಿಂಟನ್ನು ನಾನು ಬಿಚ್ಚಿ ಕೇಳಿದೆ. "ಈ ಚುಕ್ಕಿ ಯಾಕಮ್ಮ ಇಲ್ಲಿಟ್ಟಿದೀಯ?"

"ಅದು... ಡಿಸೈನು ಅಕ್ಕ."

"ಡಿಸೈನಲ್ಲ, ದೃಷ್ಟಿಬೊಟ್ಟು. ಗುಬ್ಬೀಲಿ ಇದನ್ನ ಇಟ್ಟೋಳು ಇದಾಳೆ. ಯಾರ ಮಗೀಗೋ ಯಾರೋ ಇಟ್ಟ ಬೊಟ್ಟು, ನೀನು ನನ್ನ ಮಗ ಅಂತ ಎತ್ಕೊಂಡು ಓಡಾಡ್ತಿದೀಯಲ್ಲ?"

ಅವಳು ಅತ್ತಳು. ಎಲ್ಲ ತೆಗೆದುಬಿಡುತ್ತೇನೆ ಎಂದಳು. ಒಂದು ವಾರದೊಳಗೆ ತೆಗೆದೂಬಿಟ್ಟಳು. ನಾನು ಬೈದದ್ದು ತಪ್ಪೆಂದು ಈಗಲೂ ಹೇಳುವುದಿಲ್ಲ. ಕೆಲಸ ಮಾಡಿದವಳ ಹೆಸರು ಕೆಲಸದ ಜೊತೆ ಇರಬೇಕು. ಗಿರಿಜಾಗೆ ಹೋಗಿ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. "ನಿಮ್ಗೊಂದು ಲಾಠಿ ಕೊಡುಸ್ಬೇಕು ಅತ್ತಿಗೆ. ಹಾಕ್ಕೊಂಡ್ರೆ ಹಾಕ್ಕೊಳ್ಲಿ ಬುಡಿ, ಯಾರ ಮನೆ ಬಾಕ್ಲೋ ಚೆಂದ ಕಾಣ್ತದೆ."

ಆ ಮೇಲೆ ಸೈಟು ನಡೆಯಲಿಲ್ಲ. ಮಹದೇವಪ್ಪನವರು ಅದನ್ನು ಮುಚ್ಚಿದರು. ಬೇಸರವಾಯಿತು, ಆದರೂ ಫೈಲುಗಳು ಅಂಗಡಿಯಲ್ಲಿವೆಯಲ್ಲ ಎಂದುಕೊಂಡೆ.

ಅದೇ ವರ್ಷದ ಆಯುಧಪೂಜೆಗೆ ಅಂಗಡಿ ತೊಳೆದೆವು. ನಮ್ಮಲ್ಲಿ ಆಯುಧಪೂಜೆ ಎಂದರೆ ಮೂಲೆಮೂಲೆ ಗುಡಿಸಬೇಕು, ಬೇಡದ್ದನ್ನು ಹೊರಗೆ ಹಾಕಬೇಕು, ಆಮೇಲೆ ಮೆಷಿನಿಗೆ ವಿಭೂತಿ ಕುಂಕುಮ ಹಚ್ಚಿ ಹೂವು ಇಡಬೇಕು. ನಾನು ಹೊರಗೆ ಮಾವಿನೆಲೆ ಕಟ್ಟುತ್ತಿದ್ದೆ. ಮಹದೇವಪ್ಪನವರು ಕಂಪ್ಯೂಟರಿನ ಹೊರಗೆ ಒರೆಸಿ, ಒಳಗೂ ಶುದ್ಧ ಮಾಡೋಣ ಎಂದು ಕೂತು, ಸೈಟು ಮುಚ್ಚಿಯಾಯಿತಲ್ಲ ಎಂದು ರಂಗೋಲಿಯ ಫೋಲ್ಡರನ್ನು ಮೊದಲನೆಯ ಡಿಸ್ಕಿನಿಂದ ಅಳಿಸಿದರು. ಎರಡನೆಯದರಲ್ಲಿ ಇದೆ ಎಂಬ ಧೈರ್ಯ. ಸಂಜೆ ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆದೆವು. ಎಲ್ಲರೂ ಮನೆಗೆ ಹೋದೆವು. ಆ ಸಾಫ್ಟ್‌ವೇರ್ ಮಾತ್ರ ಹಬ್ಬ ನೋಡದೆ ತನ್ನ ಹೊತ್ತಿಗೆ ಎದ್ದಿತು. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲೂ ಇರಬಾರದು. ಪಡಿಯಚ್ಚೆಂದರೆ ಅದೇ ಅಲ್ಲವೇ? ಅಲ್ಲಿಂದಲೂ ಅಳಿಸಿ ಮಲಗಿತು.

ನಮಗೆ ಇದು ತಿಳಿದದ್ದು ತಿಂಗಳುಗಳ ಮೇಲೆ, ಗಿರಿಜಾಗೆ ಬಲಗಡೆ ಬಿದ್ದುಹೋದಾಗ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನೋಡಲು ಹೋಗಿದ್ದೆ. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಮಾತು ಮಂದವಾಗಿತ್ತು.

"ಅತ್ತಿಗೆ, ನಂದೆಲ್ಲಾ... ಒಂದ್ಸಲ ನೋಡ್ಬೇಕು."

"ಏನನ್ನೇ?"

ಎಡಗೈಯ ಬೆರಳಿನಿಂದ ಗಾಳಿಯಲ್ಲಿ ಒಂದು ಎಳೆ ಎಳೆದು ತೋರಿಸಿದಳು. "ಇನ್ನು ಹಾಕಕ್ಕಾಗಲ್ಲ. ನೋಡಾದ್ರೂ ನೋಡ್ತೀನಿ. ಕಂಪ್ಯೂಟರ್‌ನಾಗೆ ಐತಲ್ಲ."

"ಐತೆ ಕಣೇ, ತರ್ತೀನಿ" ಎಂದು ಬಂದೆ. ಬಂದು ತೆರೆದರೆ ಒಂದು ಡಿಸ್ಕಿನಲ್ಲಿ ಇಲ್ಲ. ಇನ್ನೊಂದರಲ್ಲಿ ಇಲ್ಲ. ಸಿ.ಡಿ. ತೆಗೆದೆ. ಹಿಂದಿನ ಪೂಜೆಯಲ್ಲಿ ಯಾರೋ ಭಕ್ತಿಯಿಂದ ಅದರ ಹೊಳೆಯುವ ಬದಿಗೇ ವಿಭೂತಿ ಬಳಿದು, ಆಮೇಲೆ ಬಟ್ಟೆಯಲ್ಲಿ ಉಜ್ಜಿ ಒರೆಸಿದ್ದರು. ಮೈತುಂಬ ಗೀರು. ಯಂತ್ರ ಅದನ್ನು ತಿರುಗಿಸಿ ತಿರುಗಿಸಿ ಹೊರಗೆ ನೂಕಿತು.

ಮಹದೇವಪ್ಪನವರು ತಲೆ ಮೇಲೆ ಕೈಹೊತ್ತು ಕೂತರು. "ಇನ್ನೊಂದರಾಗೆ ಇರ್ತದೆ ಅಂದ್ಕೊಂಡೆ ವಿಮಲಮ್ಮ. ಗುಡ್ಸಿದ್ದು ನಾನು ಒಂದೇ ಕಡೆ." ಡಿಸ್ಕನ್ನು ಬೆಂಗಳೂರಿನಲ್ಲಿ ತೋರಿಸಿದರು. ಅದರ ಮೇಲೆ ಆಗಲೇ ಬೇರೆ ಎಷ್ಟೋ ಕೆಲಸ ಬರೆದಾಗಿತ್ತು, ಏನೂ ಸಿಗಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎರಡು ಕಡೆ ಇದ್ದರೆ ಉಳಿಯಿತು ಎಂದು ನಾವಿಬ್ಬರೂ ನಂಬಿದ್ದೆವು. ಒಂದನ್ನು ನೋಡಿ ಒಂದು ಕುಣಿಯುವುದಾದರೆ ಅವು ಎರಡಲ್ಲ, ಒಂದೇ. ಈ ಮಾತನ್ನು ಮಾತ್ರ ಈಗಿನ ಹುಡುಗಿಯರು ಮರೆಯಬಾರದು.

ಇನ್ನು ಗಿರಿಜಾಳ ರಂಗೋಲಿ ಇದ್ದರೆ ಕಾಪಿ ಹೊಡೆದವರ ಹತ್ತಿರವೇ ಇರಬೇಕು. ಮತ್ತೆ ಸೈಟುಗಳ ಮೂಲೆ ನೋಡತೊಡಗಿದೆ. ಮೊದಲು ಬೊಟ್ಟು ಕಂಡರೆ ಸಿಟ್ಟು ಬರುತ್ತಿತ್ತು. ಈಗ ಕಂಡರೆ ಸಾಕಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ನನ್ನ ಮೇಲ್ ನೋಡಿ ತೆಗೆದವರು ತೆಗೆದಾಗಿತ್ತು. ತೆಗೆಯದವರ ಸೈಟುಗಳೇ ಮುಚ್ಚಿಹೋಗಿದ್ದವು. ಕೊನೆಗೆ ಕುಣಿಗಲ್ಲಿನ ಬಸ್ಸು ಹತ್ತಿದೆ.

ಲಲಿತಾ ಬಾಗಿಲಲ್ಲೇ ನಿಂತಳು. ಈ ಸಲ ನೀರು ಕೊಡಲಿಲ್ಲ.

"ನೀವು ಹೇಳ್ದಂಗೇ ಎಲ್ಲಾ ಅಳಿಸಿದೀನಿ ಅಕ್ಕ. ಇನ್ನೇನು ನೋಡಕ್ಕೆ ಬಂದ್ರಿ?"

"ನೋಡಕ್ಕಲ್ಲಮ್ಮ, ಕೇಳಕ್ಕೆ ಬಂದೆ. ಒಂದಾದ್ರೂ ಉಳಿದಿದ್ರೆ ಕೊಡು."

ಅವಳಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಡಿಸ್ಕು, ಪೂಜೆ, ಗಿರಿಜಾಳ ಕೈ. ಕೇಳುತ್ತಾ ಕೇಳುತ್ತಾ ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಅಯ್ಯೋ ಅಕ್ಕ, ಅಳಿಸ್ದೇ ಹೋಗಿದ್ರೆ ಎಲ್ಲಾ ಇರ್ತಿತ್ತಲ್ಲ" ಅಂದಳು.

ಒಳಗೆ ಹೋಗಿ ಹೊಲಿಗೆ ಮೆಷಿನ್ನಿನ ಕೆಳಗಿನ ಪೆಟ್ಟಿಗೆಯನ್ನು ತಡಕಿದಳು. ಕ್ಲಾಸಿನ ಹುಡುಗಿಯರು ನೋಡಿ ಬರೆಯಲು ಪ್ರಿಂಟ್ ತೆಗೆಸಿದ್ದ ಕೆಲವು ಹಾಳೆಗಳು ಕತ್ತರಿಸಿದ ಬಟ್ಟೆಗಳ ಅಡಿಯಲ್ಲಿ ಉಳಿದಿದ್ದವು. ನೂರಾರಿದ್ದಲ್ಲಿ ಒಂದು ಹಿಡಿ. ಎಲ್ಲದರ ಮೂಲೆಯಲ್ಲೂ ಬೊಟ್ಟು ಮುಚ್ಚಿಕೊಂಡು ಲಲಿತಾ ಎಂಬ ಹೆಸರು.

"ನನ್ನ ಹೆಸರಿದೆ ಅಕ್ಕ. ಹೆಂಗೆ ತೋರಿಸ್ತೀರಾ ಅವ್ರಿಗೆ?"

"ಇದ್ರೆ ಇರ್ಲಿ ಬಿಡು. ಇದಾದ್ರೂ ಇದೆಯಲ್ಲ."

ಗುಬ್ಬಿಗೆ ಹೋಗಿ ಆ ಹಾಳೆಗಳನ್ನು ಗಿರಿಜಾಳ ಹಾಸಿಗೆಯ ಮೇಲೆ ಹರಡಿದೆ. ಉಳಿದದ್ದು ಇಷ್ಟೇ ಎಂದೂ, ಏಕೆಂದೂ ಮುಚ್ಚಿಡದೆ ಹೇಳಿದೆ. ಅವಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯತ್ತ ಹೋಗುತ್ತಿತ್ತು. ಸುಮಾ ಸೆರಗಿನಿಂದ ಒರೆಸಿದಳು. ಆಮೇಲೆ ಗಿರಿಜಾ ಒಂದೊಂದೇ ಹಾಳೆಯನ್ನು ಎತ್ತಿ ಹಿಡಿಯಲು ಹೇಳಿದಳು. ಒಂದನ್ನು ನೋಡಿ ಬಾಯಿಯ ಒಂದು ಬದಿಯಿಂದ ನಕ್ಕಳು.

"ಇದು ಸುಮಾ ಹುಟ್ಟಿದ್ದಾಗ... ತೊಟ್ಲು ಶಾಸ್ತ್ರಕ್ಕೆ."

ಕೊನೆಯಲ್ಲಿ ಮಗಳಿಗೆ ಕಾಡಿಗೆ ಡಬ್ಬಿ ತರಲು ಹೇಳಿದಳು. ಎಡಗೈಯ ಬೆರಳು ಅದ್ದಿ, ಆ ಹೆಸರಿನ ಪಕ್ಕದಲ್ಲಿ ಬೊಟ್ಟು ಇಟ್ಟಳು. ರೂಢಿಯಿಲ್ಲದ ಕೈ ಜಾರಿ ಅದು ಬೊಟ್ಟಿನ ಬದಲು ಗೀಟಾಯಿತು. ಎರಡನೆಯ ಹಾಳೆಯಲ್ಲಿ ಪರವಾಗಿಲ್ಲ. ಮೂರನೆಯದರಲ್ಲಿ ದುಂಡಗೆ ಬಂತು. ಎಲ್ಲ ಹಾಳೆಗೂ ಇಟ್ಟಳು. ಹೆಸರನ್ನು ಅಳಿಸು ಎನ್ನಲಿಲ್ಲ.

"ಅವ್ಳೂ ಇರ್ಲಿ ಬುಡಿ ಅತ್ತಿಗೆ. ಇಟ್ಕೊಂಡಿದ್ಲಲ್ಲ."

ಅವಳ ಹತ್ತಿರ ನಾನು ಮನಸ್ಸಿಟ್ಟು ಕೂತದ್ದು ಅದೇ ಕೊನೆ. ಧನುರ್ಮಾಸದಲ್ಲಿ, ನಾನು ಅವರೆಕಾಳು ಹಿತುಕುತ್ತಿದ್ದಾಗ ಆ ಫೋನು ಬಂತು.

ನಾನೂ ಯಜಮಾನರೂ ಸಿಕ್ಕ ಬಸ್ಸಿಗೆ ಹೋದೆವು. ಅವಳ ಬಾಗಿಲಲ್ಲಿ ಶಾಮಿಯಾನ ಹಾಕಿದ್ದರು, ಭಜನೆಯವರು ಕೂತಿದ್ದರು. ಆ ಅಂಗಳವನ್ನು ನಾನು ರಂಗೋಲಿ ಇಲ್ಲದೆ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಸೂತಕವಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಇರಲಿ, ಆದರೂ ಸತ್ತವರ ಮನೆಯ ಮುಂದೆ ಯಾರ ಕೈಯೂ ಪುಡಿ ಹಿಡಿಯುವುದಿಲ್ಲ. ತೋಟದಲ್ಲಿ ಸಮಾಧಿ ಮಾಡಿದರು. ಮುಚ್ಚುವಾಗ ಸುಮಾ ಆ ಹಾಳೆಗಳಲ್ಲಿ ಒಂದನ್ನು, ಗೀಟಾಗಿದ್ದ ಆ ಮೊದಲನೆಯದನ್ನು, ತಾಯಿಯ ಕೈಯ ಹತ್ತಿರ ಇಟ್ಟಳು. ಉಳಿದದ್ದನ್ನು ನನಗೆ ಕೊಟ್ಟಳು.

ಮಾರನೆಯ ದಿನ ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಶಿವಗಣಾರಾಧನೆಯ ಕಾರ್ಡು ಮಾಡಿದೆ. ಮಹದೇವಪ್ಪನವರು ಹಳೆಯ ಕಾರ್ಡಿನ ಫೈಲು ತೆರೆದುಕೊಟ್ಟರು. ನಾನು ಅದನ್ನು ಮುಚ್ಚಿ, ಖಾಲಿ ಹಾಳೆ ತೆಗೆದು, ಮೊದಲಕ್ಷರದಿಂದ ಟೈಪ್ ಮಾಡಿದೆ. 'ಲಿಂಗೈಕ್ಯ' ಎಂದು ಹೊಡೆಯುವಾಗ ಅಮೃತೂರಿನ ಅಜ್ಜ ನೆನಪಾದರು. ಈ ಸಲವೂ ತಪ್ಪಾಗಿರಬಾರದೇ ಎಂದುಕೊಂಡೆ. ಯಾರೂ ಬಂದು ನಾನು ಬದುಕಿದೀನಿ ಎನ್ನಲಿಲ್ಲ.

ಮನೆಯ ಬೀದಿಗೆ ತಿರುಗಿದಾಗ ಎದುರುಮನೆಯ ಹುಡುಗಿ ಪವಿತ್ರಾ ಆಗತಾನೆ ಸಂಜೆಯ ರಂಗೋಲಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ನಾನು ನಿಂತೆ. ಎಳೆ ಕೆಳಗಿನಿಂದ ಹೊರಟು, ಚುಕ್ಕಿಗಳನ್ನು ಸುತ್ತಿ, ಎಲ್ಲೂ ಕಡಿಯದೆ ಹೊರಟಲ್ಲಿಗೇ ಬಂದಿತ್ತು. ಕುಣಿಗಲ್ಲಿನ ಹಾಳೆಗಳಲ್ಲಿ ಇದು ಇರಲಿಲ್ಲ.

"ಇದೆಲ್ಲಿ ಕಲಿತೆ ಪವಿ?"

"ಫ್ರೆಂಡ್ ಒಬ್ಳು ಪ್ರಿಂಟ್ ಕೊಟ್ಲು ಆಂಟಿ. ನೆಟ್ಟಲ್ಲಿ ಸಿಕ್ಕಿದ್ದಂತೆ. ಚೆನ್ನಾಗಿದ್ಯಾ?"

"ಚೆನ್ನಾಗಿದೆ ಕಣೇ. ಮೂಲೇಲಿ ಏನಾದ್ರೂ ಇತ್ತಾ?"

"ಒಂದು ಚುಕ್ಕಿ ಇತ್ತು. ಪ್ರಿಂಟಲ್ಲಿ ಮಸಿ ಬಿದ್ದಿರ್ಬೇಕು ಅಂತ ಬಿಟ್ಟೆ."

"ಮಸಿಯಲ್ಲ, ದೃಷ್ಟಿಬೊಟ್ಟು. ಹಾಕು."

ಅವಳು ನನ್ನ ಮುಖ ನೋಡಿದಳು. ಬಗ್ಗಿ, ಒಂದು ಚಿಟಿಕೆ ಪುಡಿ ತೆಗೆದು ಮೂಲೆಯಲ್ಲಿ ಇಟ್ಟಳು. ಸರಿಯಾದ ಜಾಗದಲ್ಲೇ ಇಟ್ಟಳು.

ನಾನು ಮನೆಯೊಳಗೆ ಬಂದು ತಲೆಗೆ ನೀರು ಹಾಕಿಕೊಂಡೆ. ದೇವರ ಮುಂದೆ ದೀಪ ಹಚ್ಚಿದೆ. ಅಡುಗೆಮನೆಯಲ್ಲಿ ಬೋಗುಣಿ ಬಿಟ್ಟ ಜಾಗದಲ್ಲೇ ಇತ್ತು. ಮೇಲಿನ ಕಾಳು ಹುಳಿ ನಾರುತ್ತಿತ್ತು. ಅದನ್ನು ತೆಗೆದು ಪಕ್ಕದ ಮನೆಯ ಹಸುವಿಗೆ ಹಾಕಿದೆ. ಅಡಿಯಲ್ಲಿ ಒಂದಷ್ಟು ಇನ್ನೂ ಗಟ್ಟಿಯಾಗಿದ್ದವು, ಒಂದೆರಡು ಮೊಳಕೆಯ ಮೂತಿ ತೆಗೆದಿದ್ದವು. ಅವನ್ನು ಬೇರೆ ನೀರಲ್ಲಿ ತೊಳೆದು, ಮಣೆ ಎಳೆದುಕೊಂಡು, ಹಿತುಕಲು ಕೂತೆ.